ಕೊನೆಗೆ ತೆತ್ತವರು ಯಾರು?

ಹೊಳೆ ಉಕ್ಕಿ ಊರಿಗೆ ನುಗ್ಗುತ್ತದೆ. ವರ್ಷಗಟ್ಟಲೆ ಹಗೆ ಸಾಧಿಸಿದ ಇಬ್ಬರು ಗಂಡಸರು ಆ ನೀರಿನ ಮುಂದೆ ಮನುಷ್ಯರಾಗುತ್ತಾರೆ. ಅಯ್ಯು ಮತ್ತು ಗುಳ್ಳ ಒಂದಾಗುತ್ತಾರೆ. ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ನಾನು ಮೊದಲು ನೋಡಿದ್ದು ಸುಗ್ಗಿ ಮುಗಿದ ಮೇಲೆ ಊರಾಚೆಯ ಬಯಲಿನಲ್ಲಿ ಎತ್ತಿದ್ದ ಟೆಂಟಿನಲ್ಲಿ, ಅವ್ವನ ಮಗ್ಗುಲಲ್ಲಿ, ನೆಲದ ಟಿಕೆಟಿನಲ್ಲಿ. ಮನೆಗೆ ನಡೆದು ಬರುವಾಗ ಎಲ್ಲರ ಬಾಯಲ್ಲೂ ಪ್ರವಾಹದ ಮಾತೇ. ಅಷ್ಟು ನೀರು ಎಲ್ಲಿಂದ ತಂದರು, ಅಷ್ಟು ಜನರನ್ನು ಹೇಗೆ ಮುಳುಗಿಸಿ ಎತ್ತಿದರು ಎಂಬ ಬೆರಗು. ಅವ್ವ ಮಾತ್ರ ಸುಮ್ಮನಿದ್ದಳು. ಕೆರೆ ಏರಿ ದಾಟಿದ ಮೇಲೆ ಒಂದೇ ಒಂದು ಮಾತು ಆಡಿದಳು: ‘ಅವರಿಬ್ರೂ ಒಂದಾದ್ರು ಸರಿ ಕಣಪ್ಪ, ಕೋರ್ಟಿಗೆ ಸುರುದ್ರಲ್ಲ ದುಡ್ಡು, ಅದ್ನ ಯಾರು ತುಂಬ್ಕೊಡ್ತಾರೆ?’

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲೂ ಒಂದು ಬದುವಿನ ವ್ಯಾಜ್ಯವಿತ್ತು. ಅಜ್ಜನ ಕಾಲದಲ್ಲಿ ದಾಯಾದಿಗಳೊಡನೆ ಹತ್ತಿದ್ದು, ಅಪ್ಪನ ಕಾಲಕ್ಕೂ ನಡೆದಿತ್ತು. ಅದರ ಖರ್ಚಿಗೆ ಅವ್ವನ ಕಿವಿಯ ಓಲೆ ಗಿರವಿಗೆ ಹೋದದ್ದು ತಿರುಗಿ ಬರಲಿಲ್ಲ. ಆಮೇಲೆ ಎರಡೂ ಮನೆಯವರು ಒಂದು ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ರಾಜಿಯಾಯಿತು. ಅವ್ವನ ಕಿವಿ ಹಾಗೇ ಬೋಳಾಗಿ ಉಳಿಯಿತು. ಆ ರಾತ್ರಿಯಿಂದ ಈವರೆಗೆ ನಾನು ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ಆದರೆ ಪ್ರತಿ ಸಿನಿಮಾ ಮುಗಿದಾಗಲೂ ನನ್ನೊಳಗೆ ಏಳುವ ಪ್ರಶ್ನೆ ಅವಳದೇ: ಈ ಕಥೆಯಲ್ಲಿ ಕೊನೆಗೆ ತೆತ್ತವರು ಯಾರು? ತೆರುವಾಗ ಸಿನಿಮಾ ಅವರ ಕಡೆ ನೋಡಿತೇ?

ನಾನು ಹಾಸನ ಜಿಲ್ಲೆಯ ದುದ್ದ ಹೋಬಳಿಯವನು. ಸಿನಿಮಾ ಶಾಸ್ತ್ರ ಓದಿದವನಲ್ಲ. ರಾಗಿ, ಆಲೂಗೆಡ್ಡೆ ಬೆಳೆದು, ಅಂಗಮಾರಿ ಬಿದ್ದ ವರ್ಷಗಳಲ್ಲಿ ಗೆಡ್ಡೆ ಬಿಟ್ಟು ಮೆಕ್ಕೆಜೋಳಕ್ಕೆ ತಿರುಗಿದ ಈ ಸೀಮೆಯ ಸಾವಿರಾರು ಜನರಲ್ಲಿ ಒಬ್ಬ. ಟೆಂಟು ಹೋಗಿ ವಿಡಿಯೋ ಬಂದಾಗ ವಿಡಿಯೋದಲ್ಲಿ, ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ತೋರಿಸುತ್ತಿದ್ದಾಗ ದೂರದರ್ಶನದಲ್ಲಿ, ಹಾಸನದ ಚಿತ್ರಮಂದಿರಗಳಲ್ಲಿ, ಈಗ ಮೊಬೈಲಿನಲ್ಲಿ ಸಿನಿಮಾ ನೋಡಿದವನು. ಇಂಥವನ ಅಭಿಪ್ರಾಯಕ್ಕೆ ಏನು ಬೆಲೆ ಎಂದು ಕೇಳಬಹುದು. ‘ನನಗೆ ಹಿಡಿಸಿತು’ ಎಂದಷ್ಟೇ ಹೇಳಿದರೆ ಅದು ರುಚಿಯ ಮಾತು, ಅದರ ಬಗ್ಗೆ ವಾದವಿಲ್ಲ. ಯಾಕೆ ಹಿಡಿಸಿತು ಎಂದು ಕಾರಣ ಕೊಟ್ಟು, ಆ ಕಾರಣವನ್ನು ಬೇರೆಯವರು ಪರೀಕ್ಷಿಸಲು ಬಿಟ್ಟುಕೊಟ್ಟರೆ ಅದು ಅಭಿಪ್ರಾಯವಾಗುತ್ತದೆ. ಅದಕ್ಕೆ ಪದವಿ ಬೇಕಿಲ್ಲ, ಒಂದು ಅಳತೆಗೋಲು ಬೇಕು. ನನ್ನ ಅಳತೆಗೋಲು ಅವ್ವ ಕೊಟ್ಟದ್ದು. ಅದು ಎಲ್ಲಿ ಗಟ್ಟಿ, ಎಲ್ಲಿ ಸೋಲುತ್ತದೆ ಎಂಬುದನ್ನು ನಾನು ಬಲ್ಲ ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

‘ತೆರು’ ಎಂಬುದು ಕನ್ನಡದ ಹಳೆಯ ಮಾತು. ತೆರಿಗೆ ಬಂದದ್ದು ಅದರಿಂದಲೇ. ಮದುವೆಯಲ್ಲಿ ಹೆಣ್ಣಿನ ಮನೆಗೆ ಕೊಡುತ್ತಿದ್ದ ತೆರವೂ ಅದರಿಂದಲೇ. ಕೊಡುವುದು ಬೇರೆ, ತೆರುವುದು ಬೇರೆ. ಕೊಡುವವನಿಗೆ ಮನಸ್ಸಿರುತ್ತದೆ, ತೆರುವವನಿಗೆ ಬೇರೆ ದಾರಿ ಇರುವುದಿಲ್ಲ. ಪ್ರತಿ ಕಥೆಯಲ್ಲೂ ಯಾರೋ ಗೆಲ್ಲುತ್ತಾರೆ, ಆ ಗೆಲುವಿಗಾಗಿ ಯಾರೋ ತೆರುತ್ತಾರೆ. ಸಿನಿಮಾದ ನಿಜವಾದ ನಿಲುವು ನಾಯಕನ ಸಂಭಾಷಣೆಯಲ್ಲಿರುವುದಿಲ್ಲ. ತೆತ್ತವರ ಮುಖದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿರುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು ಎತ್ತಲು ಇನ್ನೊಂದು ಕಾರಣವಿದೆ. ಕನ್ನಡ ಚಿತ್ರರಂಗಕ್ಕೆ ಹಾಸನ ಸೀಮೆ ಕಥೆಗಳನ್ನು ಧಾರಾಳವಾಗಿ ಕೊಟ್ಟಿದೆ. ಅರಕಲಗೂಡಿನ ಮನೆತನದ ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ 1966ರಲ್ಲಿ ರಾಜ್‌ಕುಮಾರ್ ಅಭಿನಯದ ಚಿತ್ರವಾಯಿತು, ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಅದಕ್ಕೆ ಹಾಡಿದರು. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ಧಲಿಂಗಯ್ಯನವರು 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಮಾಡಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರದಲ್ಲಿ ಹುಟ್ಟಿ, 2025ರ ಸೆಪ್ಟೆಂಬರಿನಲ್ಲಿ ನಮ್ಮನ್ನು ಅಗಲಿದ ಎಸ್.ಎಲ್. ಭೈರಪ್ಪನವರ ಕಾದಂಬರಿಗಳಿಂದ ‘ವಂಶವೃಕ್ಷ’, ‘ತಬ್ಬಲಿಯು ನೀನಾದೆ ಮಗನೆ’, ‘ಮತದಾನ’, ‘ನಾಯಿ ನೆರಳು’ ಬಂದವು. ಕಥೆ ನಮ್ಮದಾದಾಗ ಅದನ್ನು ನೋಡುವ ಹೊಣೆಯೂ ನಮ್ಮದು.

ಮೊದಲು ಅವ್ವನ ಸಿನಿಮಾ. ‘ಭೂತಯ್ಯನ ಮಗ ಅಯ್ಯು’ ದೊಡ್ಡ ಚಿತ್ರವೇ ಹೌದು. ಊರನ್ನು ಹಿಂಡಿದ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದು ಗೊರೂರರಿಗೆ ಗೊತ್ತಿತ್ತು, ಸಿದ್ಧಲಿಂಗಯ್ಯನವರಿಗೂ ಗೊತ್ತಿತ್ತು. ಅಲ್ಲಿಯ ಒಂದು ಉಪ್ಪಿನಕಾಯಿಯ ದೃಶ್ಯ ಎಷ್ಟು ಜನಜನಿತವಾಯಿತೆಂದರೆ, ಅದರಲ್ಲಿ ಅಭಿನಯಿಸಿದ ಲೋಕನಾಥ್ ಕೊನೆಯವರೆಗೂ ‘ಉಪ್ಪಿನಕಾಯಿ ಲೋಕನಾಥ್’ ಆಗಿಯೇ ಉಳಿದರು. ಬಡವನ ನಾಲಿಗೆಯ ಆಸೆಗೆ ಅಷ್ಟು ಜಾಗ ಕೊಟ್ಟ ಸಿನಿಮಾ ಊರನ್ನು ಬಲ್ಲ ಸಿನಿಮಾ. ಆದರೂ ಅವ್ವನ ಪ್ರಶ್ನೆ ಅಲ್ಲೇ ನಿಂತಿದೆ. ಹಗೆಯನ್ನು ಕಟ್ಟಿ ಬೆಳೆಸಿದವರು ಮನುಷ್ಯರು, ಬಿಡಿಸಿದ್ದು ಹೊಳೆ. ಕೋರ್ಟು ಕಚೇರಿ ಅಲೆದು ಬರಿದಾದ ಮನೆಗಳ ಲೆಕ್ಕವನ್ನು ಪ್ರವಾಹ ತೊಳೆದುಬಿಡುತ್ತದೆ. ಚಿತ್ರ ಹಗೆಯ ಖರ್ಚನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ, ರಾಜಿಯ ಖರ್ಚನ್ನು ಮಾತ್ರ ಕೇಳುವುದಿಲ್ಲ. ಈ ದೂರು ಇಟ್ಟುಕೊಂಡೇ ನಾನು ಅದನ್ನು ಕನ್ನಡದ ಅತ್ಯುತ್ತಮ ಹಳ್ಳಿ ಚಿತ್ರಗಳಲ್ಲಿ ಒಂದು ಎನ್ನುತ್ತೇನೆ. ಪ್ರೀತಿಯ ಸಿನಿಮಾದ ಮೇಲೆ ದೂರು ಇರಬಾರದು ಎಂದೇನಿಲ್ಲ.

ಅದೇ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ 1972ರದು. ಟಿ.ಕೆ. ರಾಮರಾಯರ ಕಾದಂಬರಿ, ರಾಜ್‌ಕುಮಾರ್ ಅವರ ರಾಜೀವ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು, ಅದನ್ನು ನೋಡಿ ಓದಿದ ಹುಡುಗರು ಬೇಸಾಯಕ್ಕೆ ತಿರುಗಿದ್ದು, ಇವೆಲ್ಲ ನಮ್ಮಲ್ಲಿ ದಂತಕಥೆಯಂತೆ ಓಡಾಡುವ ಮಾತು. ಆದರೆ ಹಾಗೆ ಹೇಳುವವರು ಬಂಡೆ ಒಡೆಯುವ ರಾಜೀವನನ್ನು ನೆನೆಯುತ್ತಾರೆ, ಊರು ಬಿಡುವ ರಾಜೀವನನ್ನು ಮರೆಯುತ್ತಾರೆ. ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಅನುಮಾನಪಟ್ಟಾಗ ಅವನು ತನ್ನ ಪರವಾಗಿ ಒಂದು ಮಾತಾಡದೆ ನಡೆದುಹೋಗುತ್ತಾನೆ. ಬೇಸಾಯದವನಾಗಿ ನನಗೆ ಮೊದಲ ಭಾಗದ ಬಗ್ಗೆ ತಕರಾರಿದೆ. ಬಂಡೆ ಹೊಲವಾಗಲು ಒಂದು ಹಾಡು ಸಾಲದು, ಬೆಳೆ ಬಂದ ಮೇಲೆ ಮಂಡಿಯಲ್ಲಿ ನಡೆಯುವುದು ಇನ್ನೊಂದು ಕಥೆ. ಕೊನೆಯ ಭಾಗದ ಬಗ್ಗೆ ತಕರಾರಿಲ್ಲ. ಊರನ್ನು ಕಟ್ಟಿದವನನ್ನು ಊರು ಉಳಿಸಿಕೊಳ್ಳಲಿಲ್ಲ ಎಂದು ಹೇಳುವ ಧೈರ್ಯ ಆ ಚಿತ್ರಕ್ಕಿದೆ. ಅಲ್ಲಿ ತೆತ್ತವನು ನಾಯಕನೇ. ಕ್ಯಾಮೆರಾ ಅವನ ಬೆನ್ನ ಹಿಂದೆ ನಿಂತು ಅದನ್ನು ನೋಡುತ್ತದೆ. ಜನ ಅದನ್ನು ಸ್ಫೂರ್ತಿಯ ಚಿತ್ರವೆಂದು ಕರೆದರು. ನನಗೆ ಅದು ಎಚ್ಚರಿಕೆಯ ಚಿತ್ರ.

ನಾಯಕ ತಾನೇ ತೆರುವ ಚಿತ್ರಗಳಲ್ಲಿ ದೊರೆ–ಭಗವಾನರ ‘ಕಸ್ತೂರಿ ನಿವಾಸ’ವನ್ನೂ ಸೇರಿಸಬೇಕು. 1971ರ ಆ ಚಿತ್ರದಲ್ಲಿ ಕೊಡುಗೈ ದೊರೆ ಬರಿಗೈಯಾಗುತ್ತಾನೆ, ಮುದ್ದಿನ ಪಾರಿವಾಳವೂ ಉಳಿಯುವುದಿಲ್ಲ. ಕೊಡುವುದು ಯಾವಾಗ ತೆರುವುದಾಗುತ್ತದೆ ಎಂಬ ಗಡಿಯನ್ನು ಅಷ್ಟು ನಾಜೂಕಾಗಿ ಮುಟ್ಟಿದ ಚಿತ್ರ ಕನ್ನಡದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ.

ಭೈರಪ್ಪನವರ ಕಥೆಗಳಿಗೆ ಬಂದರೆ ವಿಷಯ ಬಿಗಿಯಾಗುತ್ತದೆ. ‘ವಂಶವೃಕ್ಷ’ವನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಜೊತೆಯಾಗಿ ನಿರ್ದೇಶಿಸಿದರು, ಇಬ್ಬರಿಗೂ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ವಿಷ್ಣುವರ್ಧನ್ ಎಂದು ಹೆಸರಾದ ಹುಡುಗ ಮೊದಲು ಕಾಣಿಸಿಕೊಂಡದ್ದೂ ಅಲ್ಲೇ. ವಿಧವೆ ಕಾತ್ಯಾಯಿನಿ ಮರುಮದುವೆಯಾಗುತ್ತಾಳೆ, ಮಗನನ್ನು ಮಾವನ ಮನೆಯಲ್ಲಿ ಬಿಡಬೇಕಾಗುತ್ತದೆ. ಎರಡನೆಯ ಮದುವೆಯಲ್ಲಿ ಮಕ್ಕಳು ನಿಲ್ಲುವುದಿಲ್ಲ, ಅವಳು ಸವೆದು ಹೋಗುತ್ತಾಳೆ. ಮಾವ ಶ್ರೋತ್ರಿಗಳಿಗೆ ತಾನು ಕಾಪಾಡಿಕೊಂಡು ಬಂದ ವಂಶದ ಬೇರೇ ಸುಳ್ಳು ಎಂದು ತಿಳಿಯುತ್ತದೆ, ಅವರು ಎಲ್ಲವನ್ನೂ ಬಿಟ್ಟು ನಡೆಯುತ್ತಾರೆ. ಇಬ್ಬರೂ ಬೆಲೆ ತೆತ್ತರು ಎಂದು ಕಥೆ ತಕ್ಕಡಿ ಸಮ ಮಾಡುತ್ತದೆ. ನಾನು ಒಪ್ಪುವುದಿಲ್ಲ. ಶ್ರೋತ್ರಿಗಳು ತೆತ್ತದ್ದು ನಂಬಿಕೆಯನ್ನು, ಅದಕ್ಕೆ ಪ್ರತಿಯಾಗಿ ಅವರಿಗೆ ಬಿಡುಗಡೆಯ ಒಂದು ದಾರಿಯಾದರೂ ಸಿಕ್ಕಿತು. ಕಾತ್ಯಾಯಿನಿ ತೆತ್ತದ್ದು ಮೈಯನ್ನು, ಪ್ರಾಣವನ್ನು. ಮರುಮದುವೆ ಎಂಬ ನ್ಯಾಯವಾದ ಆಸೆಗೆ ಗರ್ಭವೇ ದಂಡ ಕಟ್ಟಬೇಕೆಂದು ಬರೆದದ್ದು ವಿಧಿಯಲ್ಲ, ಕಥೆ. ಕಾರಂತ–ಕಾರ್ನಾಡರು ಆ ಕಥೆಯ ಚೌಕಟ್ಟನ್ನು ಮುರಿಯಲಿಲ್ಲ. ಆದರೆ ಎಲ್.ವಿ. ಶಾರದಾ ಅವರ ಕಾತ್ಯಾಯಿನಿ ಅದನ್ನು ಒಳಗಿನಿಂದ ಅಲುಗಿಸುತ್ತಾಳೆ. ಅವಳ ಕಣ್ಣುಗಳಲ್ಲಿ ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ನನಗೆ ಪ್ರಶ್ನೆ ಕಾಣಿಸುತ್ತದೆ.

ಮೂರು ದಶಕಗಳ ಮೇಲೆ ಗಿರೀಶ ಕಾಸರವಳ್ಳಿ ‘ನಾಯಿ ನೆರಳು’ ಎತ್ತಿಕೊಂಡಾಗ ಚೌಕಟ್ಟನ್ನೇ ಸರಿಸಿದರು. ಸತ್ತ ಮಗ ಬೇರೆ ಊರಿನಲ್ಲಿ ಮರುಹುಟ್ಟು ಪಡೆದಿದ್ದಾನೆ ಎಂಬ ನಂಬಿಕೆ ಕಥೆಯ ಬೀಜ. ಮುದಿ ತಂದೆತಾಯಿಗೆ ಕಳೆದ ಮಗ ಸಿಕ್ಕಿದ ಸಂತೋಷ. ಆದರೆ ಮಗನೆಂದು ಒಪ್ಪಿದ ಮೇಲೆ ಅವನ ವಿಧವೆ ವೆಂಕಟಲಕ್ಷ್ಮಿಗೆ ಆ ಹರೆಯದ ಹುಡುಗ ಏನಾಗಬೇಕು? ಇಷ್ಟು ವರ್ಷ ಬಣ್ಣದ ಸೀರೆ ಕಾಣದ ಹೆಣ್ಣಿಗೆ ಒಂದು ದಿನ ಬಂದು ನಿನ್ನ ಗಂಡ ಬಂದಿದ್ದಾನೆ ಎನ್ನುತ್ತಾರೆ. ಕಾದಂಬರಿಯ ಕುತೂಹಲ ಪುನರ್ಜನ್ಮದ ಸುತ್ತ, ಚಿತ್ರದ ಕುತೂಹಲ ಈ ಹೆಂಗಸಿನ ಸುತ್ತ. ಪವಿತ್ರಾ ಲೋಕೇಶ್ ಅವಳನ್ನು ಅಭಿನಯಿಸಿದ ರೀತಿಯಲ್ಲಿ ಒತ್ತಾಯಕ್ಕೆ ಮಣಿದ ಹೆಣ್ಣು ನಿಧಾನವಾಗಿ ತನ್ನ ಆಯ್ಕೆಯನ್ನು ತಾನೇ ಮಾಡಿಕೊಳ್ಳುವ ಹೆಣ್ಣಾಗುವುದು ಕಾಣುತ್ತದೆ. ಇತರರ ನಂಬಿಕೆಯ ಬೆಲೆಯನ್ನು ತಾನು ತೆತ್ತು, ಅದರಿಂದಲೇ ತನಗೊಂದು ಬದುಕನ್ನೂ ಬಿಡಿಸಿಕೊಳ್ಳುತ್ತಾಳೆ. ಕಾದಂಬರಿಗೆ ನಿಷ್ಠವಾಗಿಲ್ಲ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟು: ಕಥೆಗೆ ನಿಷ್ಠೆ ಎಂದರೆ ಕಥೆ ನೋಡದೆ ಬಿಟ್ಟವರನ್ನೂ ನೋಡುವುದು.

ಇನ್ನು ನೀರಿನ ಮಾತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರಲ್ಲಿ ಕೆಲಸ ಮುಗಿಯಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತವೆ, ಈಗ ಅಲ್ಲಿಗೆ ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಮುಳುಗಡೆಯಿಂದ ಎದ್ದು ಬಂದವರೊಂದಿಗೆ ಒಂದೇ ಬಸ್ಸಿನಲ್ಲಿ ಓಡಾಡಿದವರು ನಾವು. ಆದ್ದರಿಂದ ‘ದ್ವೀಪ’ವನ್ನು ನಾನು ಶರಾವತಿಯ ಕಥೆಯಾಗಿ ಮಾತ್ರ ನೋಡಲಾರೆ. ನಾ. ಡಿಸೋಜ ಅವರ ಕಾದಂಬರಿಯಿಂದ ಕಾಸರವಳ್ಳಿ ಮಾಡಿದ ಈ ಚಿತ್ರವನ್ನು ನಿರ್ಮಿಸಿದವರು, ನಾಗಿಯಾಗಿ ಅಭಿನಯಿಸಿದವರು ಸೌಂದರ್ಯಾ. ಚಿತ್ರಕ್ಕೆ ಸ್ವರ್ಣಕಮಲ ಬಂತು. ಎಲ್ಲರೂ ಗುಡ್ಡ ಇಳಿದು ಹೋದ ಮೇಲೂ ಒಂದು ಸಂಸಾರ ಉಳಿಯುತ್ತದೆ. ಸುತ್ತ ನೀರು ಏರುತ್ತದೆ. ಮಳೆ ಬಿಡದೆ ಹೊಯ್ಯುತ್ತದೆ. ಕತ್ತಲಲ್ಲಿ ಬೆಂಕಿ ಆರದಂತೆ ನೋಡಿಕೊಂಡು, ಗಂಡನಿಗೆ ಧೈರ್ಯ ತುಂಬಿ ಆ ಮನೆಯನ್ನು ಉಳಿಸುವವಳು ನಾಗಿ. ನೀರು ಇಳಿದಾಗ ಗಂಡ ಗಣಪನಿಗೆ ಅದು ದೇವರ ದಯೆಯಾಗಿ ಕಾಣುತ್ತದೆ. ಅವಳ ದುಡಿಮೆ ಅವನ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅಣೆಕಟ್ಟಿನ ಚಿತ್ರ ಎಂದರೆ ಸರ್ಕಾರದ ಅನ್ಯಾಯ, ಪರಿಹಾರದ ಮೊತ್ತ, ಪ್ರತಿಭಟನೆ ಇಷ್ಟೇ ಆಗಿ ಮುಗಿಯಬಹುದಿತ್ತು. ಅವೂ ಇವೆ. ಆದರೆ ಕಾಸರವಳ್ಳಿ ಅಲ್ಲಿಗೆ ನಿಲ್ಲಿಸದೆ ಬೆಲೆ ತೆತ್ತ ಮನೆಯ ಒಳಗೆ ಹೊಕ್ಕು, ಅಲ್ಲೂ ಯಾರು ಹೆಚ್ಚು ತೆತ್ತರು ಎಂದು ನೋಡುತ್ತಾರೆ. ಸಂತ್ರಸ್ತರು ಎಂಬ ಒಂದೇ ಮಾತಿನ ಕೆಳಗೆ ಎಷ್ಟು ಮೆಟ್ಟಿಲುಗಳಿವೆ ಎಂದು ತೋರಿಸಿಕೊಡುತ್ತಾರೆ. ಪ್ರವಾಹದಲ್ಲಿ ಲೆಕ್ಕ ತೊಳೆದುಹೋಗುವ ‘ಭೂತಯ್ಯನ ಮಗ ಅಯ್ಯು’ವಿನ ಪಕ್ಕ ‘ದ್ವೀಪ’ವನ್ನು ಇಟ್ಟು ನೋಡಿ. ಅಲ್ಲಿ ನೀರು ಲೆಕ್ಕ ಮುಗಿಸುತ್ತದೆ, ಇಲ್ಲಿ ನೀರು ಇಳಿದ ಮೇಲೆ ಲೆಕ್ಕ ಶುರುವಾಗುತ್ತದೆ.

ನನ್ನನ್ನು ಅತಿ ಹೆಚ್ಚು ಕಾಡಿದ ಸಿನಿಮಾ ಯಾವುದು ಎಂದರೆ ‘ತಬರನ ಕಥೆ’. 1986ರ ಚಿತ್ರ, ಪೂರ್ಣಚಂದ್ರ ತೇಜಸ್ವಿಯವರ ಕಥೆ. ತಬರಶೆಟ್ಟಿ ಸರ್ಕಾರದ ತೀರಾ ಕೆಳಗಿನ ನೌಕರ. ಕಂದಾಯ ವಸೂಲಿಗೆ ಹೋಗಿ, ಲೆಕ್ಕ ತಪ್ಪಿ, ಆ ಬಾಕಿ ಅವನ ತಲೆಗೇ ಬರುತ್ತದೆ. ನಿವೃತ್ತನಾದ ಮೇಲೆ ಪಿಂಚಣಿ ಬರುವುದಿಲ್ಲ. ತೆರಿಗೆ ಎತ್ತಲು ಹೋದವನೇ ತೆರುವವನಾಗುತ್ತಾನೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಾ ಬರುತ್ತದೆ, ಕತ್ತರಿಸಬೇಕು, ಆಸ್ಪತ್ರೆಗೆ ಹಣವಿಲ್ಲ. ಆಗ ತಬರ ಹೋಗುವುದು ಮಾಂಸದಂಗಡಿಗೆ. ಕತ್ತಿ ಹಿಡಿದು ಕೂತ ಕಟುಕನ ಮುಂದೆ ನಿಂತು, ನನ್ನ ಹೆಂಡತಿಯ ಕಾಲು ಕತ್ತರಿಸಿಕೊಡು ಎಂದು ಬೇಡುತ್ತಾನೆ.

ಆ ದೃಶ್ಯವನ್ನು ನಾನು ಮೊದಲು ನೋಡಿದ್ದು ಭಾನುವಾರದ ಮಧ್ಯಾಹ್ನ, ನೆರೆಮನೆಯ ಟಿ.ವಿ.ಯ ಮುಂದೆ. ಹದಿನೈದಿಪ್ಪತ್ತು ಜನ ಕೂತಿದ್ದೆವು. ಪ್ರಶಸ್ತಿ ಸಿನಿಮಾ ಎಂದರೆ ಎದ್ದು ಹೋಗುವುದೇ ಅಲ್ಲಿನ ರೂಢಿ. ಅಂದು ಯಾರೂ ಏಳಲಿಲ್ಲ. ಚಾರುಹಾಸನ್ ಅಲ್ಲಿ ಅಳುವುದಿಲ್ಲ, ಕಿರುಚುವುದಿಲ್ಲ. ಒಂದು ವ್ಯವಹಾರ ಕೇಳುವವನಂತೆ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ ಎಂಬಂತಿರುವ ಆ ಮುಖವೇ ನಮ್ಮನ್ನು ಹಿಡಿದು ಕೂರಿಸಿತು. ಕೂತವರಲ್ಲಿ ಇಬ್ಬರು ಆ ವಾರವಷ್ಟೇ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಬಂದವರಿದ್ದರು. ಒಬ್ಬರು ಸಿನಿಮಾ ಮುಗಿಯುವವರೆಗೂ ಟವಲು ಬಾಯಿಗೆ ಒತ್ತಿಕೊಂಡೇ ಇದ್ದರು. ಪಿಂಚಣಿ ಕೊನೆಗೆ ಬರುತ್ತದೆ. ಹೆಂಡತಿ ಇರುವುದಿಲ್ಲ, ತಬರನಿಗೆ ಬುದ್ಧಿ ಸ್ವಾಧೀನದಲ್ಲಿರುವುದಿಲ್ಲ. ಸರ್ಕಾರದ ಪುಸ್ತಕದಲ್ಲಿ ಲೆಕ್ಕ ಚುಕ್ತಾ. ಅವ್ವ ಕೇಳಿದ ಪ್ರಶ್ನೆಯನ್ನು ಒಂದು ಸಿನಿಮಾ ಪೂರ್ತಿಯಾಗಿ, ಎಲ್ಲೂ ಕಣ್ಣು ತಪ್ಪಿಸದೆ ಕೇಳಿದ್ದನ್ನು ನಾನು ನೋಡಿದ್ದು ಅಂದೇ. ಆ ಚಿತ್ರ ನಿಧಾನ ಎನ್ನುವವರಿದ್ದಾರೆ. ಕಚೇರಿಯ ಮೆಟ್ಟಿಲ ಮೇಲೆ ಕಾದವರಿಗೆ ಆ ನಿಧಾನದ ಅರ್ಥ ಗೊತ್ತು.

ಹಾಗೆಂದು ನಾನು ಕಲಾತ್ಮಕ ಚಿತ್ರಗಳ ಪಕ್ಷದವನು, ಜನಪ್ರಿಯ ಚಿತ್ರಗಳ ವಿರೋಧಿ ಎಂದು ತಿಳಿಯಬಾರದು. ಆ ವಿಂಗಡಣೆಯೇ ನನಗೆ ಒಪ್ಪಿಗೆಯಿಲ್ಲ. ಎರಡೂ ಬಗೆಯವನ್ನು ನಾನು ಒಂದೇ ಕಣ್ಣಿನಿಂದ, ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದವನು.

‘ಮುಂಗಾರು ಮಳೆ’ 2006ರ ಕೊನೆಯಲ್ಲಿ ಬಂತು. ನಮ್ಮ ಸಕಲೇಶಪುರದ ಹಸಿರನ್ನು ಎಸ್. ಕೃಷ್ಣ ಅವರ ಕ್ಯಾಮೆರಾ ಹಿಡಿದ ಚೆಂದಕ್ಕೆ ನಾವೇ ಮೂಗಿನ ಮೇಲೆ ಬೆರಳಿಟ್ಟುಕೊಂಡೆವು. ದಿನಾ ಬಸ್ಸಿನ ಕಿಟಕಿಯಲ್ಲಿ ಕಂಡ ಗುಡ್ಡ ಇದೇನಾ ಎನಿಸಿತು. ಮಳೆಯನ್ನು ಒಂದು ಪಾತ್ರವಾಗಿ ಮಾಡಿದ ಯೋಗರಾಜ ಭಟ್ಟರ ಕಲ್ಪನೆಗೆ ನನ್ನ ಮೆಚ್ಚುಗೆ ಇಂದಿಗೂ ಇದೆ. ಆದರೆ ಅಳತೆಗೋಲು ಇಟ್ಟು ನೋಡಿದಾಗ ಕಾಣುವುದೇನು? ನಂದಿನಿ ಯಾರನ್ನು ಮದುವೆಯಾಗಬೇಕು ಎಂಬ ತೀರ್ಮಾನ ಅವಳನ್ನು ಬಿಟ್ಟು ಉಳಿದವರ ನಡುವೆ ಆಗುತ್ತದೆ. ಪ್ರೀತಮ್ ತ್ಯಾಗ ಮಾಡುತ್ತಾನೆ, ನಾವು ಅವನಿಗಾಗಿ ಅಳುತ್ತೇವೆ, ಮೊಲ ದೇವದಾಸನಿಗಾಗಿಯೂ ಅಳುತ್ತೇವೆ. ನಂದಿನಿ ಮದುವೆಯ ಮರುದಿನ ಎದ್ದು ಏನು ಯೋಚಿಸುತ್ತಾಳೆ ಎಂದು ಚಿತ್ರ ಕೇಳುವುದಿಲ್ಲ. ಅವನದು ತ್ಯಾಗ ನಿಜ, ಆದರೆ ಅವನು ಬಿಟ್ಟುಕೊಟ್ಟದ್ದರಲ್ಲಿ ಅವಳ ಪಾಲೂ ಇತ್ತು. ಇನ್ನೊಬ್ಬರ ಪಾಲನ್ನು ಅವರನ್ನು ಕೇಳದೆ ಬಿಟ್ಟುಕೊಡುವುದಕ್ಕೆ ನಮ್ಮ ಕಡೆ ತ್ಯಾಗ ಎನ್ನುವುದಿಲ್ಲ. ಆಸ್ತಿಯ ಪತ್ರದಲ್ಲಾದರೂ ಅದಕ್ಕೆ ಸಹಿ ಬೇಕು.

‘ಕೆ.ಜಿ.ಎಫ್.’ ಬಗ್ಗೆ ಮಾತಾಡುವುದು ನನಗೆ ಇನ್ನೂ ಕಷ್ಟ. ಯಶ್ ನಮ್ಮ ಜಿಲ್ಲೆಯ ಭುವನಹಳ್ಳಿಯವರು, ಬಸ್ ಚಾಲಕರ ಮಗ. 2018ರಲ್ಲಿ ಆ ಚಿತ್ರ ದೇಶವನ್ನೆಲ್ಲ ಸುತ್ತಿದಾಗ ಇಲ್ಲಿನ ಹುಡುಗರ ನಡಿಗೆಯೇ ಬದಲಾಯಿತು. ಆ ಹೆಮ್ಮೆಯಲ್ಲಿ ನಾನೂ ಪಾಲುದಾರ. ಕನ್ನಡ ಸಿನಿಮಾದ ಕೈ ಚಿಕ್ಕದು ಎಂಬ ಕೀಳರಿಮೆಯನ್ನು ಅದು ಕಿತ್ತೊಗೆಯಿತು. ಆದರೆ ಕೋಲಾರದ ಚಿನ್ನದ ಗಣಿ ಕಲ್ಪನೆಯ ಊರಲ್ಲ. ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮನುಷ್ಯರು ಇಳಿದರು, ಕಲ್ಲಿನ ದೂಳು ಅವರ ಎದೆಗೂಡಿನಲ್ಲಿ ಕೂತಿತು, 2001ರಲ್ಲಿ ಗಣಿ ಮುಚ್ಚಿದಾಗ ಸಂಬಳದ ಬದುಕು ಒಮ್ಮೆಗೇ ನಿಂತಿತು. ಆ ಹೆಸರನ್ನು ಇಟ್ಟುಕೊಂಡ ಚಿತ್ರದಲ್ಲಿ ಗಣಿಯ ಜನ ನಾಯಕನ ಎತ್ತರವನ್ನು ಅಳೆಯಲು ನಿಂತ ಗುಂಪಾಗುತ್ತಾರೆ. ಅವರ ನೋವು ಅವನ ಕೋಪಕ್ಕೆ ಉರುವಲು. ನಾಯಕನನ್ನು ಎತ್ತಿ ತೋರಿಸುವುದು ತಪ್ಪಲ್ಲ, ಅದ್ಭುತ ಪುರುಷರ ಕಥೆ ಕೇಳಿಯೇ ನಾವು ಬೆಳೆದದ್ದು. ಎತ್ತುವ ಹೆಗಲುಗಳಿಗೆ ಒಂದೊಂದು ಮುಖವನ್ನಾದರೂ ಕೊಡಬಹುದಿತ್ತು ಎಂಬುದಷ್ಟೇ ನನ್ನ ಅಹವಾಲು.

ಈ ರೋಗ ಹೊಸದಲ್ಲ. ಕನ್ನಡದ ಮೊದಲ ಪೂರ್ಣಪ್ರಮಾಣದ ಬಣ್ಣದ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರದು, ಬಿ.ಎಸ್. ರಂಗಾ ನಿರ್ದೇಶನ, ಕಲ್ಯಾಣ್ ಕುಮಾರ್ ನಾಯಕ. ಅದರ ಕಥೆ ನಮ್ಮ ಬೇಲೂರಿನದು. ಕಲ್ಲಿನೊಳಗಿನ ಕಪ್ಪೆ, ಮಗನೇ ಹಿಡಿದ ತಪ್ಪು, ಕೈ ಕತ್ತರಿಸಿಕೊಂಡ ಶಿಲ್ಪಿ. ಚಿಕ್ಕಂದಿನಲ್ಲಿ ಅದನ್ನು ಕಣ್ಣರಳಿಸಿ ನೋಡಿದ್ದೇನೆ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಕಲ್ಲುಗಳ ಮೇಲೆ ಕೆತ್ತಿದವರು ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಹೀಗೆ ಹಲವರು. ದಂತಕಥೆ ಅವರೆಲ್ಲರ ಉಳಿಪೆಟ್ಟನ್ನು ಒಬ್ಬನ ಹೆಸರಿಗೆ ಬರೆಯಿತು, ಸಿನಿಮಾ ಅದಕ್ಕೆ ಬಣ್ಣ ಕಟ್ಟಿತು. ನಮ್ಮ ಕಡೆಯ ಕೋರವಂಗಲದ ಬೂಚೇಶ್ವರ ಗುಡಿಗೆ ಹೋದಾಗೆಲ್ಲ ಇದು ನೆನಪಾಗುತ್ತದೆ. 1173ರ ಆ ಗುಡಿ ಕಟ್ಟಿಸಿದವನ ಹೆಸರಿನಲ್ಲಿದೆ. ಹೊರಗೋಡೆಯ ಒಂದೊಂದು ಬಳ್ಳಿಯನ್ನೂ ಬಿಡಿಸಿದ ಕೈಗಳನ್ನು ನೆನೆಯುವವರಿಲ್ಲ. ಒಬ್ಬ ನಾಯಕನಿಗಾಗಿ ನೂರು ಜನರನ್ನು ಮರೆಯುವ ಕೆಲಸವನ್ನು ಸಿನಿಮಾ ಕಲಿತದ್ದು ನಮ್ಮಿಂದಲೇ.

ಈಗ ನನ್ನ ಅಳತೆಗೋಲಿನ ಮೇಲೆ ಬರುವ ಆಕ್ಷೇಪಗಳು. ಒಂದು, ದಣಿದು ಬಂದವನು ಎರಡು ಗಂಟೆ ನಗಲು ಹೋಗುತ್ತಾನೆ, ಅಲ್ಲೂ ಲೆಕ್ಕದ ಪುಸ್ತಕ ಬಿಚ್ಚಬೇಕೇ? ಇದಕ್ಕೆ ‘ತಿಥಿ’ ಉತ್ತರ ಕೊಟ್ಟಿದೆ. ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡರು ಜೊತೆಗೂಡಿ ಬರೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮಲ್ಲಿ ತೆರೆಕಂಡಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಅಭಿನಯಿಸಿದ ಚಿತ್ರ. ಅಲ್ಲಿನ ಮಾತು ನಮ್ಮ ಕಿವಿಗೆ ನೆಂಟರ ಮಾತು. ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೆಯ ದಿನದ ತಿಥಿಗೆ ಊರಿಗೆಲ್ಲ ಊಟ ಹಾಕಬೇಕು. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆ ಇಲ್ಲ, ಬಯಲಲ್ಲಿ ತಿರುಗುತ್ತಾನೆ. ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಸತ್ತನೆಂದು ಕಾಗದ ಮಾಡಿಸುತ್ತಾನೆ. ಚಿತ್ರಮಂದಿರ ಪೂರ್ತಿ ನಗುತ್ತಿತ್ತು, ನಾನೂ ನಕ್ಕೆ. ಆದರೆ ಸಾಲ, ಸುಳ್ಳು ಕಾಗದ, ಅವಮಾನ ಎಲ್ಲವೂ ತಮ್ಮಣ್ಣನ ಹೆಗಲಿಗೆ ಒಂದೊಂದಾಗಿ ಏರುವುದನ್ನು ಚಿತ್ರ ನಗುತ್ತಲೇ ನೋಡುತ್ತಿರುತ್ತದೆ. ಗಡ್ಡಪ್ಪನ ಸ್ವಾತಂತ್ರ್ಯ ನಮಗೆ ಎಷ್ಟು ಇಷ್ಟವಾದರೂ, ಅದರ ಖರ್ಚು ಮಗನ ಖಾತೆಗೆ ಬರೆದಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಗುವಿಗೂ ಲೆಕ್ಕಕ್ಕೂ ಜಗಳವಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದು ನೀತಿಯ ಅಳತೆ, ಕಲೆಯ ಅಳತೆಯಲ್ಲ ಎನ್ನಬಹುದು. ನೀತಿ ಸರಿಯಿದ್ದೂ ಸಪ್ಪೆಯಾದ ಚಿತ್ರಗಳಿಲ್ಲವೇ? ಇವೆ. ತೆತ್ತವರ ಬಗ್ಗೆ ಭಾಷಣ ಮಾಡಿ ಅವರನ್ನು ನೋಡದ ಚಿತ್ರಗಳನ್ನೂ ಕಂಡಿದ್ದೇನೆ. ಅದಕ್ಕೇ ನಾನು ಹೇಳುತ್ತಿರುವುದು ನೋಡುವುದರ ಮಾತನ್ನು. ತಬರ ಕಟುಕನ ಮುಂದೆ ನಿಂತಾಗ ಯಾರೂ ನೀತಿ ಹೇಳುವುದಿಲ್ಲ. ಕ್ಯಾಮೆರಾ ನಿಂತಿದೆ, ಮನುಷ್ಯ ನಿಂತಿದ್ದಾನೆ, ಅಷ್ಟೇ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಎಂಬುದೇ ಆ ಕಲೆ. ನೀತಿ ಅಲ್ಲಿ ಕಲೆಯಾಗಿ ಬರುತ್ತದೆ, ಬೇರೆ ದಾರಿಯಿಂದ ಬಂದರೆ ಅದು ನಿಲ್ಲುವುದೂ ಇಲ್ಲ.

ನನ್ನ ಅಳತೆಗೋಲು ಸೋಲುವ ಕಡೆಯನ್ನೂ ಹೇಳಿಬಿಡಬೇಕು. ರಾಜ್‌ಕುಮಾರ್ ಒಂದು ಪೌರಾಣಿಕ ಪಾತ್ರದಲ್ಲಿ ಕನ್ನಡವನ್ನು ಉಚ್ಚರಿಸುವ ಬಗೆಗೆ, ಒಂದು ಒಳ್ಳೆಯ ಹಾಡು ಮೈಮೇಲೆ ಬಂದಂತಾಗುವುದಕ್ಕೆ, ಮಗುವೊಂದು ಪರದೆ ನೋಡಿ ಕಾರಣವಿಲ್ಲದೆ ಚಪ್ಪಾಳೆ ತಟ್ಟುವುದಕ್ಕೆ ಯಾವ ಲೆಕ್ಕವೂ ಹಿಡಿಯುವುದಿಲ್ಲ. ಆ ಸುಖ ತನಗೆ ತಾನೇ ಸಮರ್ಥನೆ. ಟೆಂಟಿನ ಆ ರಾತ್ರಿ ನನಗೆ ಅದೂ ಸಿಕ್ಕಿತ್ತು. ಲೆಕ್ಕ ಬೇಕಾಗುವುದು ಸಿನಿಮಾ ನಮ್ಮ ಬದುಕಿನ ಕಥೆಯನ್ನು ಎತ್ತಿಕೊಂಡು, ಹೀಗಾಯಿತು, ಹೀಗೆ ಮುಗಿಯಿತು ಎಂದು ಹೇಳಲು ಹೊರಟಾಗ. ಮುಗಿಯಿತು ಎನ್ನುವವರನ್ನು ಯಾರಿಗೆ ಮುಗಿಯಿತು ಎಂದು ಕೇಳುವ ಹಕ್ಕು ನೋಡುಗನಿಗಿದೆ.

ಅದಕ್ಕೇ ಊರಿನ ಹುಡುಗರಿಗೆ ನಾನು ಹೇಳುವುದು ಇಷ್ಟು. ಸಿನಿಮಾ ಹೇಗಿತ್ತು ಎಂದರೆ ‘ಸೂಪರ್’ ಅಥವಾ ‘ಡಬ್ಬ’ ಎಂದು ಮುಗಿಸಬೇಡಿ. ನಾಲ್ಕು ನಕ್ಷತ್ರ, ಮೂರು ನಕ್ಷತ್ರ ಎಂದೂ ಬೇಡ. ಕೂತು ಒಂದು ಪಾತ್ರ ಹಿಡಿದು ಮಾತಾಡಿ. ನಂದಿನಿಯ ಮರುದಿನ ಹೇಗಿತ್ತು? ನಾಗಿ ಆ ರಾತ್ರಿ ಗಂಡನಿಗೆ ಅನ್ನ ಬಡಿಸುವಾಗ ಏನೆಂದುಕೊಂಡಳು? ಗಣಿಯಲ್ಲಿ ಇಳಿದವನ ಮನೆಯಲ್ಲಿ ಯಾರಿದ್ದರು? ಪರದೆಯ ಮೇಲಿನವರ ಬಗ್ಗೆ ಹಾಗೆ ಕೇಳಿ ಅಭ್ಯಾಸವಾದವರು ಪರದೆಯ ಹೊರಗೂ ಕೇಳುತ್ತಾರೆ. ರಾಜಿ ಪಂಚಾಯಿತಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಪರಿಹಾರದ ಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಹುಡುಕುತ್ತಾರೆ.

ಅವ್ವ ಈಗಿಲ್ಲ. ಬದುವಿನ ಆ ವ್ಯಾಜ್ಯದ ಎರಡೂ ಮನೆಯ ಮಕ್ಕಳು ಇಂದು ಒಂದೇ ಪಂಪ್‌ಸೆಟ್ಟಿನಿಂದ ನೀರು ಹಾಯಿಸುತ್ತಾರೆ, ಜಗಳದ ಕಾರಣವೇ ಅವರಿಗೆ ನೆಟ್ಟಗೆ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ಸಿದ್ಧಲಿಂಗಯ್ಯನವರೇ ಸರಿ, ಹಗೆ ತೊಳೆದುಹೋಗುತ್ತದೆ. ಆದರೆ ಓಲೆ ತುಂಬಿಕೊಟ್ಟವರು ಯಾರೂ ಇಲ್ಲ. ಸಿನಿಮಾವೂ ಅದನ್ನು ತುಂಬಿಕೊಡಲಾರದು, ಅದು ಅದರ ಕೆಲಸವೂ ಅಲ್ಲ. ರಾಜಿಯ ಪಂಕ್ತಿಯಲ್ಲಿ ಎಲ್ಲರೂ ಉಣ್ಣುತ್ತಿರುವಾಗ, ಬಡಿಸುತ್ತಾ ಬಗ್ಗಿದವಳ ಬೋಳು ಕಿವಿಯನ್ನು ಒಂದು ಗಳಿಗೆ ತೋರಿಸಿದರೆ ಸಾಕು. ನಾನು ಒಳ್ಳೆಯ ಸಿನಿಮಾ ಎನ್ನುವುದು ಅದನ್ನು.